ನಾಲ್ಕು ದಿನಗಳ ಕಾರ್ಡಿನಲ್: ಸ್ಮಾರಕ ಕಾರ್ಡ್ ರಚನೆಯ ಶಾಸ್ತ್ರೋಕ್ತ ವಿಧಾನ

ಬೇಸ್‌ಬಾಲ್ ಕಾರ್ಡ್ ಎಂಬುದು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರವಿರುವ ರಟ್ಟಿನ ತುಂಡು. ಮುಂಬದಿಯಲ್ಲಿ ಆಟಗಾರನ ಚಿತ್ರ, ಹಿಂಬದಿಯಲ್ಲಿ ಅವನ ಅಂಕಿಅಂಶ. ಅಮೆರಿಕದ ಟಾಪ್ಸ್ ಕಂಪನಿ 1957ರಲ್ಲಿ ಈ ಅಳತೆಗೆ ಬಂದು ನಿಂತಿತು. ಮನುಷ್ಯನೊಬ್ಬನ ಸಾಧನೆಯನ್ನು ಹೇಳಲು ಇದಕ್ಕಿಂತ ದೊಡ್ಡ ಜಾಗ ಬೇಕೆಂದು ಅಂದಿನಿಂದ ಯಾರಿಗೂ ಅಷ್ಟಾಗಿ ಅನ್ನಿಸಿಲ್ಲ. ಕಂಪನಿ ಮುದ್ರಿಸದೆ ಬಿಟ್ಟ ಕಾರ್ಡನ್ನು ಅಭಿಮಾನಿಯೇ ಮನೆಯಲ್ಲಿ ರಚಿಸಿಕೊಳ್ಳುವ ವಿದ್ಯೆಗೆ ಕಸ್ಟಮ್ ಕಾರ್ಡ್ ರಚನೆ ಎಂದು ಹೆಸರು. ಈ ವಿದ್ಯೆಗೆ ಹಲವು ಶಾಖೆಗಳಿವೆ. ಅವುಗಳಲ್ಲಿ ಅತ್ಯಂತ ಕಠಿಣವಾದದ್ದು, ಯಾರೂ ಕೇಳದಿದ್ದರೂ ಮಾಡಬೇಕಾದದ್ದು, ಟ್ರೇಡ್ ಆದ ರಿಲೀಫ್ ಪಿಚರ್ ಒಬ್ಬರಿಗೆ ಗೌರವ ಸಲ್ಲಿಸುವ ಕಾರ್ಡಿನ ರಚನೆ.

ಪರಿಭಾಷೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಪಿಚರ್. ಪಂದ್ಯ ಆರಂಭಿಸಿದ ಪಿಚರ್ ದಣಿದಾಗ ಅಥವಾ ಕೆಟ್ಟಾಗ ರಿಲೀಫ್ ಪಿಚರ್‌ಗೆ ಕರೆ ಬರುತ್ತದೆ. ಅಲ್ಲಿಯವರೆಗೆ ಆತ ಬುಲ್‌ಪೆನ್ ಎಂಬ ಆವರಣದಲ್ಲಿ ಕುಳಿತಿರುತ್ತಾನೆ. ಒಂದು ಋತುವಿನಲ್ಲಿ ತಂಡವೊಂದಕ್ಕೆ 162 ಪಂದ್ಯಗಳು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಆತನಿಗೆ ಕರೆ ಬರುವುದಿಲ್ಲ. ಬಂದಾಗಲೂ ಕೆಲಸ ಬೇಗ ಮುಗಿಯುತ್ತದೆ. ಆದ್ದರಿಂದ ಕುಳಿತಿರುವುದು ಆತನ ವೃತ್ತಿ, ಎಸೆಯುವುದು ಉಪವೃತ್ತಿ ಎಂದು ತಿಳಿದವರು ವರ್ಗೀಕರಿಸುತ್ತಾರೆ. ಇನ್ನು ಟ್ರೇಡ್ ಎಂದರೆ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದಕ್ಕೆ ಕೊಟ್ಟು, ಬದಲಿಗೆ ಅಲ್ಲಿಂದ ಬೇರೆಯವರನ್ನು ತೆಗೆದುಕೊಳ್ಳುವ ಕ್ರಮ. ಸರ್ಕಾರಿ ನೌಕರರ ವರ್ಗಾವಣೆಯಲ್ಲಿರುವಂತೆ ಮಂತ್ರಿಗಳನ್ನು ಕಂಡು ಆದೇಶ ರದ್ದು ಮಾಡಿಸಿಕೊಳ್ಳುವ ಸೌಲಭ್ಯ ಇಲ್ಲಿ ಬಹುತೇಕರಿಗೆ ಇಲ್ಲ.

ಇನ್ನು ವ್ಯಕ್ತಿಯ ಆಯ್ಕೆ. ಆರಂಭಿಕರು ಬೇಬ್ ರೂತ್ ಅವರತ್ತ ಧಾವಿಸುವುದುಂಟು. ಅವರನ್ನು ಬಾಸ್ಟನ್ ತಂಡ 1919ರ ಕೊನೆಯಲ್ಲಿ ನ್ಯೂಯಾರ್ಕ್‌ಗೆ ನಗದಿಗೆ ಮಾರಿತು. ಆದ್ದರಿಂದ ಅವರು ಟ್ರೇಡ್ ಆದವರಲ್ಲ. ಜೊತೆಗೆ ಅವರು ರಿಲೀಫ್ ಪಿಚರ್ ಆಗಿರಲಿಲ್ಲ. ಈ ಎರಡು ಕೊರತೆಗಳಿಂದ ಅವರ ಅರ್ಜಿ ಪ್ರಾಥಮಿಕ ಹಂತದಲ್ಲೇ ತಿರಸ್ಕೃತವಾಗುತ್ತದೆ. ಯೋಗ್ಯ ವ್ಯಕ್ತಿ ರಿಲೀಫ್ ಪಿಚರ್ ಆಗಿರಬೇಕು, ಟ್ರೇಡ್ ಆಗಿರಬೇಕು, ಎರಡು ಬಾರಿ ಆಗಿದ್ದರೆ ಉತ್ತಮ, ಎರಡೂ ಒಂದೇ ವಾರದಲ್ಲಿ ಆಗಿದ್ದರೆ ಅತ್ಯುತ್ತಮ. ಈ ಮಾನದಂಡಗಳನ್ನು ಒಂದರ ಮೇಲೊಂದು ಇಟ್ಟು ಸೋಸಿದಾಗ ಜರಡಿಯ ಮೇಲೆ ಉಳಿಯುವ ಹೆಸರು ರೋಲಿ ಫಿಂಗರ್ಸ್.

ಫಿಂಗರ್ಸ್ ಅವರು 1946ರಲ್ಲಿ ಒಹಾಯೋ ರಾಜ್ಯದಲ್ಲಿ ಜನಿಸಿದರು. ಓಕ್ಲಂಡ್ ತಂಡ 1972, 1973, 1974ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ಎಂಬ ಋತುವಿನ ಅಂತಿಮ ಸರಣಿಯನ್ನು ಗೆದ್ದಾಗ ಪಂದ್ಯಗಳ ಕೊನೆಗೆ ಬಂದು ಬಾಗಿಲು ಹಾಕುತ್ತಿದ್ದವರು ಇವರೇ. 1974ರ ಸೀರೀಸ್‌ನ ಶ್ರೇಷ್ಠ ಆಟಗಾರರೂ ಇವರೇ. 1976ರ ಕೊನೆಯಲ್ಲಿ ಸ್ಯಾನ್ ಡಿಯಾಗೋ ಪಾಡ್ರೇಸ್ ತಂಡವನ್ನು ಸೇರಿದರು. 1977ರಲ್ಲಿ 35, 1978ರಲ್ಲಿ 37 ಪಂದ್ಯಗಳನ್ನು, ಅಂದರೆ ಅವುಗಳಲ್ಲಿ ತಂಡಕ್ಕಿದ್ದ ಮುನ್ನಡೆಯನ್ನು, ಕೊನೆಯವರೆಗೆ ಕಾಪಾಡಿ ಎರಡೂ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಮೊದಲಿಗರಾದರು. ಇವೆಲ್ಲ ಸಾಧಾರಣ ಸಾಧನೆಗಳು. ಇವುಗಳ ಬಗ್ಗೆ ಕಾರ್ಡುಗಳು ಈಗಾಗಲೇ ಇವೆ. ಶಾಸ್ತ್ರದ ಆಸಕ್ತಿ 1980ರ ಡಿಸೆಂಬರ್ ತಿಂಗಳಿಗೆ ಸೀಮಿತವಾದದ್ದು.

ಆ ತಿಂಗಳ 8ರಂದು ಪಾಡ್ರೇಸ್ ತಂಡ ಫಿಂಗರ್ಸ್ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಕೊಟ್ಟಿತು. ಒಟ್ಟು ಹನ್ನೊಂದು ಆಟಗಾರರು ಕೈ ಬದಲಾದ ವ್ಯವಹಾರ ಅದು. ಸೇಂಟ್ ಲೂಯಿಸ್‌ನ ಪರವಾಗಿ ಇದನ್ನು ನಡೆಸಿದವರು ವೈಟಿ ಹರ್ಝಾಗ್. ಮರುದಿನ, 9ರಂದು, ಅದೇ ಹರ್ಝಾಗ್ ಅವರು ಶಿಕಾಗೋ ಕಬ್ಸ್ ತಂಡದಿಂದ ಬ್ರೂಸ್ ಸಟ್ಟರ್ ಎಂಬ ಮತ್ತೊಬ್ಬ ಪ್ರಸಿದ್ಧ ರಿಲೀಫ್ ಪಿಚರ್ ಅವರನ್ನೂ ತಂದರು. ಹೀಗೆ ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರಾದರು. 12ರಂದು ಫಿಂಗರ್ಸ್ ಅವರನ್ನು, ಟೆಡ್ ಸಿಮನ್ಸ್ ಮತ್ತು ಪೀಟ್ ವುಕೋವಿಚ್ ಅವರೊಡನೆ, ಮಿಲ್ವಾಕೀ ಬ್ರೂವರ್ಸ್ ತಂಡಕ್ಕೆ ಕಳಿಸಲಾಯಿತು.

8ರಿಂದ 12ರವರೆಗೆ ಎಷ್ಟು ದಿನ ಎಂಬ ಬಗ್ಗೆ ಎರಡು ಪಂಥಗಳಿವೆ. ಸಾಮಾನ್ಯ ಗಣಿತದ ಪ್ರಕಾರ ನಾಲ್ಕು. ಸೂತಕದ ಲೆಕ್ಕದಂತೆ ಎರಡೂ ತುದಿಗಳನ್ನು ಹಿಡಿದರೆ ಐದು. ಈ ಬರಹ ಮೊದಲ ಪಂಥವನ್ನು ಅನುಸರಿಸುತ್ತದೆ. ಆದರೆ ಅವಧಿ ನಾಲ್ಕಾಗಲಿ ಐದಾಗಲಿ, ಅದರ ಗುಣಮಟ್ಟದ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಆಸ್ಪದವಿಲ್ಲ. ಕಾರ್ಡಿನಲ್ಸ್ ತಂಡದಲ್ಲಿದ್ದಷ್ಟು ಕಾಲ ಫಿಂಗರ್ಸ್ ಅವರು ಎದುರಾಳಿಗೆ ಒಂದೇ ಒಂದು ರನ್ ಬಿಟ್ಟುಕೊಟ್ಟಿಲ್ಲ. ಒಂದೇ ಒಂದು ಹಿಟ್ ಕೊಟ್ಟಿಲ್ಲ. ಅವರಿದ್ದ ಅವಧಿಯಲ್ಲಿ ತಂಡ ಒಂದೇ ಒಂದು ಪಂದ್ಯವನ್ನು ಸೋತಿಲ್ಲ. ಡಿಸೆಂಬರ್ ತಿಂಗಳಲ್ಲಿ ಬೇಸ್‌ಬಾಲ್ ಆಡುವುದಿಲ್ಲ ಎಂಬ ಸಂಗತಿಯನ್ನು ಮುಂದಿಟ್ಟು ಈ ಸಾಧನೆಯನ್ನು ಕಿರಿದುಗೊಳಿಸುವ ಪ್ರಯತ್ನಗಳು ಅಲ್ಲಲ್ಲಿ ನಡೆದಿವೆ. ಕ್ಯಾಲೆಂಡರ್ ಮಾಡಿದ ತಪ್ಪಿಗೆ ಆಟಗಾರನನ್ನು ಹೊಣೆ ಮಾಡುವ ಪದ್ಧತಿ ಯಾವ ಶಾಸ್ತ್ರದಲ್ಲೂ ಇಲ್ಲ.

ಇಂಥ ಅಧ್ಯಾಯವನ್ನು ಟಾಪ್ಸ್ ಕಂಪನಿ ಹೇಗೆ ದಾಖಲಿಸಿತು ಎಂಬುದನ್ನು ನೋಡಬೇಕು. 1981ರ ಆರಂಭದಲ್ಲಿ ಅದು 726 ಕಾರ್ಡುಗಳನ್ನು ಹೊರತಂದಿತು. ಅಲ್ಲಿ ಫಿಂಗರ್ಸ್ ಪಾಡ್ರೇಸ್ ತಂಡದವರು. ಋತುವಿನ ಕೊನೆಯ ಭಾಗದಲ್ಲಿ, ಮುಖ್ಯವಾಗಿ ತಂಡ ಬದಲಿಸಿದವರಿಗೆಂದು, 727ರಿಂದ 858ರವರೆಗಿನ 132 ಕಾರ್ಡುಗಳ ಪೂರಕ ಸಂಪುಟ ಬಂತು. ಅಲ್ಲಿ ಫಿಂಗರ್ಸ್ ಬ್ರೂವರ್ಸ್ ತಂಡದವರು. ನಡುವಿನ ಸೇಂಟ್ ಲೂಯಿಸ್ ಎಲ್ಲಿ ಹೋಯಿತು ಎಂದು ಕೇಳುವವರಿರಲಿಲ್ಲ. ನಮ್ಮ ಕಾರ್ಡಿಗೆ ಸಂಖ್ಯೆ ಯಾವುದು ಎಂಬ ಪ್ರಶ್ನೆಯನ್ನಾದರೂ ಕಂಪನಿಯ ಈ ಅಜಾಗರೂಕತೆ ಸುಲಭಗೊಳಿಸಿದೆ. 726 ಮುಗಿದು 727 ಆರಂಭವಾಗುವ ಮುನ್ನ ಖಾಲಿ ಇರುವ ಸ್ಥಾನ ಒಂದೇ. ಆದ್ದರಿಂದ ಕಾರ್ಡಿನ ಸಂಖ್ಯೆ 726½.

ಮನೆಯಲ್ಲಿ ಮಾಡಿದ್ದಕ್ಕೆ ಮಾನ್ಯತೆ ಇದೆಯೇ ಎಂಬ ಆಕ್ಷೇಪ ಏಳುವುದು ಸಹಜ. ಪೂರ್ವೋದಾಹರಣೆಗಳು ಹೇರಳವಾಗಿವೆ. 1974ರಲ್ಲಿ ಪಾಡ್ರೇಸ್ ತಂಡ ಸ್ಯಾನ್ ಡಿಯಾಗೋ ಬಿಟ್ಟು ವಾಷಿಂಗ್ಟನ್‌ಗೆ ಹೋಗುವುದು ಖಚಿತವೆಂದು ನಂಬಿ ಟಾಪ್ಸ್ ಕಂಪನಿ ಆ ತಂಡದ ಹಲವು ಆಟಗಾರರನ್ನು ವಾಷಿಂಗ್ಟನ್‌ನವರೆಂದೇ ಮುದ್ರಿಸಿತು. ತಂಡ ಹೋಗಲಿಲ್ಲ. ಅಂದರೆ ಅಸ್ತಿತ್ವದಲ್ಲಿಲ್ಲದ ತಂಡವೊಂದಕ್ಕೆ ಅಧಿಕೃತ ಕಾರ್ಡುಗಳು ಸಿಕ್ಕವು. 1969ರ ಔರೇಲಿಯೋ ರೊಡ್ರಿಗೆಜ್ ಅವರ ಕಾರ್ಡಿನಲ್ಲಿರುವುದು ಅವರಲ್ಲ, ಏಂಜಲ್ಸ್ ತಂಡದ ಬ್ಯಾಟುಗಳನ್ನು ಹೊರುತ್ತಿದ್ದ ಹುಡುಗ. 1959ರ ಕಾರ್ಡಿಗೆ ಬಲಗೈ ಪಿಚರ್ ಲ್ಯೂ ಬರ್ಡೆಟ್ ಅವರು ಛಾಯಾಗ್ರಾಹಕರೆದುರು ಎಡಗೈಯವರಂತೆ ನಿಂತರು. ಕಂಪನಿ ಅದನ್ನೂ ಶ್ರದ್ಧೆಯಿಂದ ಮುದ್ರಿಸಿತು. ಈ ಹಿನ್ನೆಲೆಯಲ್ಲಿ ನೋಡಿದರೆ, ನಿಜವಾಗಿಯೂ ನಾಲ್ಕು ದಿನ ಆ ತಂಡದಲ್ಲಿದ್ದವರಿಗೆ ಅದೇ ತಂಡದ ಕಾರ್ಡ್ ಮಾಡುವುದು ಅತಿಯಾದ ವಾಸ್ತವವಾದ ಎಂಬ ಟೀಕೆಗೆ ಮಾತ್ರ ಗುರಿಯಾಗಬಹುದು.

ಕೆಲಸದ ಸ್ಥಳ ಅಡುಗೆಮನೆಯ ಮೇಜು. ಇದು ಅನುಕೂಲದ ಮಾತಲ್ಲ, ಪರಂಪರೆ. 1952ರ ಸುಪ್ರಸಿದ್ಧ ಟಾಪ್ಸ್ ಕಾರ್ಡುಗಳನ್ನು ಕಂಪನಿಯ ಉದ್ಯೋಗಿ ಸೈ ಬರ್ಜರ್ ಅವರು ಸಹೋದ್ಯೋಗಿ ವುಡಿ ಗೆಲ್ಮನ್ ಅವರೊಂದಿಗೆ ರೂಪಿಸಿದ್ದು ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ. ಆ ಸಂಪುಟದ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಮೇಜಿನ ಮೇಲೆ ಹಿಟ್ಟು ಕಲಸಬೇಕಿದೆ, ಸ್ವಲ್ಪ ಸರಿಯಿರಿ ಎಂದು ಕುಟುಂಬದವರು ಕೇಳಿದಾಗ ಈ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ತಿಳಿಸತಕ್ಕದ್ದು. ಬರ್ಜರ್ ಅವರೇ 1960ರಲ್ಲಿ ಮಾರಾಟವಾಗದೆ ಉಳಿದ ಅದೇ ಕಾರ್ಡುಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು ಎಂಬ ಭಾಗವನ್ನು ಆ ಸಂದರ್ಭದಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಚಿತ್ರದ ಮಾತು ಬಂದಾಗ ಮೊದಲ ತೊಡಕು ಕಾಣುತ್ತದೆ. ಕಾರ್ಡಿನಲ್ಸ್ ಸಮವಸ್ತ್ರದಲ್ಲಿ ಪಂದ್ಯವಾಡಿದ ಚಿತ್ರವಿರಲು ಫಿಂಗರ್ಸ್ ಅವರು ಅಂಥ ಪಂದ್ಯ ಆಡಿಲ್ಲ. ಇದಕ್ಕೆ ಪರಂಪರಾಗತ ಪರಿಹಾರ ಏರ್‌ಬ್ರಷ್. ಆಟಗಾರ ಚಳಿಗಾಲದಲ್ಲಿ ತಂಡ ಬದಲಿಸಿದರೆ, ಟಾಪ್ಸ್ ಕಂಪನಿಯ ಕಲಾವಿದರು ಹಳೆಯ ಚಿತ್ರದ ಟೋಪಿಯ ಮೇಲೆ ಹೊಸ ತಂಡದ ಬಣ್ಣ ಊದುತ್ತಿದ್ದರು. ಈ ಶ್ರಮ ತಪ್ಪಿಸಲು ಛಾಯಾಗ್ರಾಹಕರು ಮುಂಜಾಗ್ರತೆಯಾಗಿ ಆಟಗಾರರನ್ನು ಟೋಪಿಯಿಲ್ಲದೆಯೂ, ಟೋಪಿಯ ಲಾಂಛನ ಕಾಣದಂತೆ ಮುಖ ಮೇಲೆತ್ತಿಸಿಯೂ ಚಿತ್ರ ತೆಗೆದುಕೊಳ್ಳುತ್ತಿದ್ದರು. 1960ರ ದಶಕದ ಕಾರ್ಡುಗಳಲ್ಲಿ ಅನೇಕರು ಮಳೆ ಬಂದೀತೇ ಎಂದು ಆಕಾಶ ನೋಡುವ ರೈತರಂತೆ ಕಾಣುವುದು ಇದೇ ಕಾರಣಕ್ಕೆ. 1972ರಲ್ಲಿ ಕಂಪನಿ ಇನ್ನೊಂದು ದಾರಿ ಹಿಡಿದು, ಕೆಲವು ಕಾರ್ಡುಗಳ ಮುಖದ ಮೇಲೆ ‘ಟ್ರೇಡೆಡ್’ ಎಂದು ಓರೆಯಾಗಿ ದೊಡ್ಡಕ್ಷರಗಳಲ್ಲಿ ಒತ್ತಿತು. ಕಚೇರಿಯ ಕಡತದ ಮೇಲೆ ‘ರದ್ದಾಗಿದೆ’ ಎಂಬ ಮೊಹರು ಬಿದ್ದ ಗಾಂಭೀರ್ಯ ಅದಕ್ಕಿತ್ತು. ಫಿಂಗರ್ಸ್ ಅವರ ಕಾರ್ಡಿಗೆ ಆ ಮೊಹರನ್ನು ಎರಡು ಸಲ ಹಾಕಬೇಕಾಗುತ್ತದೆ. ಎರಡು ಸಲ ಹಾಕಿದರೆ ಮುಖ ಕಾಣುವುದಿಲ್ಲ. ಆದ್ದರಿಂದ ಏರ್‌ಬ್ರಷ್ ವಿಧಾನವೇ ಗ್ರಾಹ್ಯ.

ಪಾಡ್ರೇಸ್ ತಂಡದ ಅಂದಿನ ಬಣ್ಣ ಕಂದು ಮತ್ತು ಹಳದಿ. ಕಾರ್ಡಿನಲ್ಸ್ ತಂಡದ ಬಣ್ಣ ಕೆಂಪು. ಎದೆಯ ಮೇಲೆ ಒಂದು ಬ್ಯಾಟು, ಬ್ಯಾಟಿನ ಎರಡು ತುದಿಗಳಲ್ಲಿ ಒಂದೊಂದು ಕೆಂಪು ಹಕ್ಕಿ. ಕಂದನ್ನು ಕೆಂಪಾಗಿಸುವುದು ಅವಸರದ ಕೆಲಸವಲ್ಲ. ನೇರವಾಗಿ ಬಳಿದರೆ ಇಟ್ಟಿಗೆಯ ಬಣ್ಣ ಬರುತ್ತದೆ, ಆಗ ಅವರು ಯಾವ ತಂಡದವರೂ ಆಗದೆ ಗಾರೆ ಕೆಲಸದವರಾಗುತ್ತಾರೆ. ಮೊದಲು ಬಟ್ಟೆಯನ್ನು ಸಂಪೂರ್ಣ ಬಿಳುಪಾಗಿಸಿ, ಅದು ಯಾವ ತಂಡಕ್ಕೂ ಸೇರದ ಸ್ಥಿತಿಯಲ್ಲಿ ಒಂದು ರಾತ್ರಿ ಬಿಟ್ಟು, ಆಮೇಲೆ ಕೆಂಪು ಹಚ್ಚುವುದು ಕ್ರಮ. ಆ ರಾತ್ರಿ ಕಲಾವಿದ ಯಾವ ತಂಡದ ಪರವಾಗಿಯೂ ಮಾತಾಡಕೂಡದು. ಹಕ್ಕಿಗಳಿಗೆ ಪ್ರತ್ಯೇಕ ಕುಂಚ ಬೇಕು. ಎರಡು ಹಕ್ಕಿಗಳೂ ಒಂದನ್ನೊಂದು ನೋಡುತ್ತಿರಬೇಕೇ ಹೊರತು ಆಟಗಾರನತ್ತ ತಿರುಗಿ ಇವರು ಯಾರು ಎಂಬಂತೆ ನೋಡಬಾರದು. ಓಕ್ಲಂಡ್, ಸ್ಯಾನ್ ಡಿಯಾಗೋ, ಮಿಲ್ವಾಕೀ ಮೂರೂ ಕಡೆ ಫಿಂಗರ್ಸ್ ಅವರ ಅಂಗಿಯ ಸಂಖ್ಯೆ 34. ಸೇಂಟ್ ಲೂಯಿಸ್‌ನ ಅಂಗಿಯಲ್ಲಿ ಸಂಖ್ಯೆಯ ಜಾಗಕ್ಕೆ ಕೈಗವಸು ಅಡ್ಡ ಬರುವ ಭಂಗಿಯನ್ನು ಆರಿಸಿಕೊಂಡರೆ ವಿವಾದ ತಪ್ಪುತ್ತದೆ.

1981ರ ಟಾಪ್ಸ್ ವಿನ್ಯಾಸದಲ್ಲಿ ಚಿತ್ರದ ಎಡ ಕೆಳಮೂಲೆಗೆ ಒಂದು ಪುಟ್ಟ ಟೋಪಿ ಇರುತ್ತದೆ, ಅದರಲ್ಲಿ ತಂಡದ ಹೆಸರು. ಅದನ್ನು ಇಲ್ಲಿಯೂ ಉಳಿಸಿಕೊಳ್ಳಬೇಕು. ಒಬ್ಬರಿಗೆ ಒಂದೇ ಕಾರ್ಡಿನಲ್ಲಿ ಎರಡು ಟೋಪಿ ಎಂಬುದು ದುಂದಲ್ಲ. ನಾಲ್ಕು ದಿನದಲ್ಲಿ ಒಂದನ್ನೂ ಹಾಕಿಕೊಳ್ಳದವರಿಗೆ ಸಲ್ಲಬೇಕಾದ ಬಾಕಿ.

ಇನ್ನು ಮೀಸೆ. ಇದಕ್ಕೆ ಪ್ರತ್ಯೇಕ ಅಧ್ಯಯನ ಅಗತ್ಯ. 1972ರಲ್ಲಿ ಓಕ್ಲಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಅವರು, ಫಾದರ್ಸ್ ಡೇ ಹೊತ್ತಿಗೆ ಮೀಸೆ ಬೆಳೆಸಿದ ಆಟಗಾರರಿಗೆ ತಲಾ 300 ಡಾಲರ್ ಘೋಷಿಸಿದರು. ಹಲವರು ಬೆಳೆಸಿದರು. ಫಿಂಗರ್ಸ್ ಅವರು ತಮ್ಮದರ ತುದಿಗಳಿಗೆ ಮೇಣ ಹಚ್ಚಿ, ಮೇಲಕ್ಕೆ ಸುರುಳಿ ಸುತ್ತಿ, ಹಣ ಕೈಗೆ ಬಂದ ಮೇಲೂ ಇಟ್ಟುಕೊಂಡರು. ಓಕ್ಲಂಡ್ ಹೋಯಿತು, ಸ್ಯಾನ್ ಡಿಯಾಗೋ ಹೋಯಿತು, ಸೇಂಟ್ ಲೂಯಿಸ್ ಬಂದು ಹೋಯಿತು. ಮೀಸೆ ಟ್ರೇಡ್ ಆಗಲಿಲ್ಲ. ವೃತ್ತಿಯ ಕೊನೆಯಲ್ಲಿ ಸಿನ್ಸಿನಾಟಿ ರೆಡ್ಸ್ ತಂಡ ಅವರನ್ನು ಕರೆದಾಗ, ಆ ತಂಡದ ನಿಯಮದಂತೆ ಮೀಸೆ ತೆಗೆಯಬೇಕಿತ್ತು. ಅವರು ಆಟವನ್ನೇ ತೆಗೆದರು. ಆದ್ದರಿಂದ ರಚನೆಯಲ್ಲಿ ಅನುಸರಿಸಬೇಕಾದ ಕ್ರಮ ಇದು: ಮೊದಲು ಮೀಸೆಯನ್ನು ಬರೆದು, ಅದು ಒಣಗಿದ ಮೇಲೆ ಸುತ್ತಲೂ ಮನುಷ್ಯನನ್ನು ತುಂಬುವುದು. ಜಾಗ ಸಾಲದಿದ್ದರೆ ಕಿವಿಯನ್ನು ಕತ್ತರಿಸಬಹುದು, ಭುಜವನ್ನು ಕತ್ತರಿಸಬಹುದು, ಅನಿವಾರ್ಯವಾದಲ್ಲಿ ಕ್ರೀಡಾಂಗಣವನ್ನೇ ಕೈಬಿಡಬಹುದು. ಸುರುಳಿಯ ತುದಿ ಬಿಳಿ ಅಂಚಿನೊಳಕ್ಕೆ ಚಾಚಿಕೊಂಡರೆ ಅದನ್ನು ದೋಷವೆಂದು ಗಣಿಸಕೂಡದು. ಎಡ ಮತ್ತು ಬಲ ಸುರುಳಿಗಳು ಸಮಾನವಾಗಿರಬೇಕೆಂದು ಹೊಸಬರು ಅಳತೆಪಟ್ಟಿ ಹಿಡಿಯುತ್ತಾರೆ. ಮೀಸೆ ಜೀವಂತ ವಸ್ತು. ಸಮಾನವಾದ ಎರಡು ಸುರುಳಿ ಕಂಡರೆ ಅದು ಕಿಟಕಿಯ ಸರಳು.

ಹಿಂಬದಿಗೆ ಬರೋಣ. ಇಲ್ಲಿ ಗಣಿತಶಾಸ್ತ್ರದ ಮೂಲಭೂತ ಸಮಸ್ಯೆಯೊಂದು ಎದುರಾಗುತ್ತದೆ. ಪಿಚರ್‌ಗಳ ಯೋಗ್ಯತೆಯನ್ನು ಅಳೆಯುವ ಮುಖ್ಯ ಮಾಪನ ಇಆರ್‌ಎ: ಸಹ ಆಟಗಾರರ ತಪ್ಪಿನಿಂದಲ್ಲದೆ ಬಿಟ್ಟುಕೊಟ್ಟ ರನ್ನುಗಳನ್ನು ಒಂಬತ್ತರಿಂದ ಗುಣಿಸಿ, ಎಸೆದ ಇನ್ನಿಂಗ್ಸ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ. ಸೇಂಟ್ ಲೂಯಿಸ್‌ನ ಸಾಲಿನಲ್ಲಿ ರನ್ ಸೊನ್ನೆ, ಇನ್ನಿಂಗ್ಸ್ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಬಾರದು. ಇಲ್ಲಿ 0.00 ಎಂದು ಬರೆಯುವುದು ಉತ್ಪ್ರೇಕ್ಷೆ, ಏಕೆಂದರೆ ಅದು ಎಸೆದು ಗಳಿಸುವಂಥದ್ದು. ಅನಂತದ ಚಿಹ್ನೆ ಬರೆಯುವುದು ಅವಮಾನ, ಏಕೆಂದರೆ ಅದು ಒಬ್ಬರನ್ನೂ ಔಟ್ ಮಾಡದೆ ರನ್ ಕೊಟ್ಟವರಿಗೆ ಮೀಸಲು. ಹಾಗೆಂದು ಅಡ್ಡಗೆರೆ ಎಳೆದರೆ ಓದುಗರು ಅದನ್ನು ಮೀಸೆಯ ಸಂಕ್ಷಿಪ್ತ ರೂಪ ಎಂದು ಭಾವಿಸುವ ಅಪಾಯವಿದೆ. ದೀರ್ಘ ಸಮಾಲೋಚನೆಯ ನಂತರ ಶಿಫಾರಸು ಮಾಡಲಾಗುವುದು ಖಾಲಿ ಜಾಗ. ಆದರೆ ಮುದ್ರಣದೋಷದಿಂದ ಖಾಲಿ ಉಳಿದಿದ್ದಲ್ಲ ಎಂದು ತಿಳಿಯಲು ಆ ಖಾಲಿ ಜಾಗವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕು.

ಟಾಪ್ಸ್ ಕಾರ್ಡುಗಳ ಹಿಂಬದಿಯಲ್ಲಿ ಅನೇಕ ವರ್ಷ ಪುಟ್ಟ ವ್ಯಂಗ್ಯಚಿತ್ರವೊಂದು ಇರುತ್ತಿತ್ತು. ಇಲ್ಲಿ ಸೂಟ್‌ಕೇಸ್ ಹಿಡಿದ ಮನುಷ್ಯನ ಚಿತ್ರ ಸಾಕು. ಸೂಟ್‌ಕೇಸ್ ಮುಚ್ಚಿರಬೇಕು.

ಈ ಹಂತದಲ್ಲಿ ಎದುರಾಗುವ ಗಂಭೀರ ಪೂರ್ವಪಕ್ಷವೊಂದಿದೆ: ಸೇಂಟ್ ಲೂಯಿಸ್‌ಗಿಂತ ಬಾಸ್ಟನ್ ಕಾರ್ಡ್ ಹೆಚ್ಚು ಅರ್ಹವಲ್ಲವೇ? 1976ರ ಜೂನ್ 15ರಂದು ಫಿನ್ಲಿ ಅವರು ಫಿಂಗರ್ಸ್ ಮತ್ತು ಜೋ ರೂಡಿ ಅವರನ್ನು ತಲಾ ಹತ್ತು ಲಕ್ಷ ಡಾಲರಿಗೆ ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಮಾರಿದರು. ಅನುಕೂಲವೆಂಬಂತೆ ರೆಡ್ ಸಾಕ್ಸ್ ತಂಡ ಆಗ ಓಕ್ಲಂಡ್‌ನಲ್ಲೇ ಇತ್ತು. ಇಬ್ಬರೂ ಅದೇ ಕ್ರೀಡಾಂಗಣದ ಇನ್ನೊಂದು ಕೋಣೆಗೆ ಹೋಗಿ, ಬಾಸ್ಟನ್ ಅಂಗಿ ತೊಟ್ಟು, ಆಡದೆ ಕುಳಿತರು. 18ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕುನ್ ಅವರು ಮಾರಾಟವನ್ನು ರದ್ದುಗೊಳಿಸಿದರು. ಇಬ್ಬರೂ ಹಳೆಯ ಕೋಣೆಗೆ ಮರಳಿದರು. ಅಂದರೆ ಬಾಸ್ಟನ್‌ನಲ್ಲಿ ಅಂಗಿ ಇತ್ತು, ಹಕ್ಕು ನಿಲ್ಲಲಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಹಕ್ಕು ಪೂರ್ಣವಾಗಿತ್ತು, ಅಂಗಿಗೆ ಸಂದರ್ಭವೇ ಒದಗಲಿಲ್ಲ. ಒಂದರಲ್ಲಿ ರೂಪ, ಇನ್ನೊಂದರಲ್ಲಿ ಸ್ವರೂಪ. ಬಾಸ್ಟನ್ ಅಂಗಿಯಲ್ಲಿ ಅವರ ಛಾಯಾಚಿತ್ರಗಳು ಇರುವುದರಿಂದ ಆ ಕಾರ್ಡಿನಲ್ಲಿ ಕಲಾವಿದನಿಗೆ ಕೆಲಸವಿಲ್ಲ. ಅದನ್ನು ಶಾಲಾ ಮಕ್ಕಳ ರಜಾ ಚಟುವಟಿಕೆಗೆ ಬಿಟ್ಟುಕೊಡುವುದು ಉಚಿತ. ಸ್ವರೂಪವನ್ನು ರಟ್ಟಿನ ಮೇಲೆ ತರುವುದು ಮಾತ್ರ ಪ್ರೌಢರಿಗೆ ಸಾಧ್ಯ.

ಮುಂದಿನ ಚರಿತ್ರೆಯೂ ಈ ಆಯ್ಕೆಯನ್ನು ಎತ್ತಿಹಿಡಿಯುತ್ತದೆ. 1981ರಲ್ಲಿ, ಮುಷ್ಕರದಿಂದ ಮೊಟಕಾದ ಋತುವಿನಲ್ಲಿ, ಫಿಂಗರ್ಸ್ ಅವರು ಬ್ರೂವರ್ಸ್ ಪರವಾಗಿ 28 ಪಂದ್ಯಗಳನ್ನು ಕಾಪಾಡಿದರು. ಇಆರ್‌ಎ 1.04. ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮತ್ತು ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಎರಡೂ ಬಂದವು. ಒಂದೇ ವರ್ಷ ಎರಡನ್ನೂ ಪಡೆದ ಮೊದಲ ರಿಲೀಫ್ ಪಿಚರ್ ಅವರು. 1982ರ ವರ್ಲ್ಡ್ ಸೀರೀಸ್‌ನಲ್ಲಿ ಬ್ರೂವರ್ಸ್ ಎದುರು ಬಂದ ತಂಡ ಕಾರ್ಡಿನಲ್ಸ್. ತೋಳಿನ ಗಾಯದಿಂದಾಗಿ ಫಿಂಗರ್ಸ್ ಅವರು ಆ ಸೀರೀಸ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಏಳನೆಯ ಪಂದ್ಯದ ಕೊನೆಯ ಚೆಂಡನ್ನು ಎಸೆದು ಕಾರ್ಡಿನಲ್ಸ್ ತಂಡವನ್ನು ಗೆಲ್ಲಿಸಿದವರು ಬ್ರೂಸ್ ಸಟ್ಟರ್. ಸೇಂಟ್ ಲೂಯಿಸ್‌ನ ಬ್ಯಾಟರುಗಳಿಗೆ ತೊಂದರೆ ಕೊಡದೆ ಇದ್ದುಬಿಟ್ಟ ಈ ನಿಷ್ಠೆಯನ್ನು ಹಿಂಬದಿಯ ಪರಿಚಯದಲ್ಲಿ ಒಂದು ವಾಕ್ಯದಲ್ಲಿ ಸೂಚಿಸಬಹುದು. 1992ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದಾಗ ಕಂಚಿನ ಫಲಕದಲ್ಲಿ ಓಕ್ಲಂಡ್ ಟೋಪಿ ಹಾಕಲಾಯಿತು. ಕಂಚಿಗೆ ಬಣ್ಣ ಹಚ್ಚಲು ಅಲ್ಲಿ ಅನುಮತಿ ಇಲ್ಲ.

ಮುದ್ರಣದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೂದು ಬಣ್ಣದ ರಟ್ಟು, ಹರಿತವಾದ ಕಟ್ಟರ್, ಉಕ್ಕಿನ ಅಳತೆಪಟ್ಟಿ. ಮೂಲೆಗಳು ಚೂಪಾಗಿರಬೇಕು. 1981ರ ಕಾರ್ಡುಗಳು ಚೂಯಿಂಗ್ ಗಮ್ ಜೊತೆ ಬರುತ್ತಿದ್ದು, ಗಮ್ಮಿನ ಕಲೆ ಕೆಲವಕ್ಕೆ ಅಂಟುತ್ತಿತ್ತು. ನೈಜತೆಗಾಗಿ ಆ ಕಲೆಯನ್ನೂ ಮಾಡಬೇಕೆನ್ನುವವರು ಗಮ್ಮನ್ನು ಅಗಿಯದೆ, ಕಾರ್ಡಿನ ಹಿಂಬದಿಗಿಟ್ಟು, ಮೇಲೆ ನಿಘಂಟಿನಂಥ ಭಾರವಾದ ಗ್ರಂಥ ಹೇರಿ ಒಂದು ಮಳೆಗಾಲ ಕಾಯುವುದು ರೂಢಿ. ಕಾರ್ಡಿನ ಗುಣಮಟ್ಟವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಪದ್ಧತಿ ಪ್ರಪಂಚದಾದ್ಯಂತ ಇದೆ. ಸ್ವಂತ ಕೃತಿಗೆ ಸ್ವತಃ ಅಂಕ ಕೊಟ್ಟುಕೊಳ್ಳುವುದು ಪಕ್ಷಪಾತವಾಗುತ್ತದಾದ್ದರಿಂದ, ಕಲಾವಿದನು ಕೋಣೆಯಿಂದ ಹೊರಗೆ ಹೋಗಿ, ಪರೀಕ್ಷಕನಾಗಿ ಒಳಗೆ ಬಂದು, ಹತ್ತು ಅಂಕ ಕೊಟ್ಟು, ಮತ್ತೆ ಹೊರಗೆ ಹೋಗಿ, ಕಲಾವಿದನಾಗಿ ಬಂದು ಸ್ವೀಕರಿಸತಕ್ಕದ್ದು.

ಉಳಿದಿರುವುದು ಸಂಗ್ರಹ. ಕಾರ್ಡನ್ನು ಮೆದು ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ ಆಲ್ಬಮ್ಮಿನಲ್ಲಿ ಇಡಬೇಕು. ಆಲ್ಬಮ್ಮಿನ ಪುಟಕ್ಕೆ ಒಂಬತ್ತು ಕಿಸೆಗಳಿರುತ್ತವೆ. ಫಿಂಗರ್ಸ್ ಅವರೊಬ್ಬರನ್ನೇ ಒಂದು ಪುಟದಲ್ಲಿ ಕೂರಿಸಿದರೆ ಒಂಟಿತನ ಕಾಡೀತು. ಆದ್ದರಿಂದ ಡಿಸೆಂಬರ್ 8ರ ವ್ಯವಹಾರದಲ್ಲಿ ಕೈ ಬದಲಾದ ಹನ್ನೊಂದು ಮಂದಿಯನ್ನೂ ಒಟ್ಟಿಗೆ ಇಡುವುದು ನ್ಯಾಯ. ಒಂಬತ್ತು ಕಿಸೆಗಳಲ್ಲಿ ಹನ್ನೊಂದು ಮಂದಿ ಹಿಡಿಯುವುದಿಲ್ಲ. ಇಬ್ಬರನ್ನು ಪಕ್ಕದ ಪುಟಕ್ಕೆ ಕಳಿಸಬೇಕಾಗುತ್ತದೆ. ಯಾರಿಬ್ಬರು ಎಂಬುದು ಆಯಾ ಸಂಗ್ರಾಹಕರ ವಿವೇಚನೆಗೆ ಬಿಟ್ಟದ್ದು. ಅವರಿಗೆ ಬದಲಾಗಿ ಪಕ್ಕದ ಪುಟದಿಂದ ಏನನ್ನಾದರೂ ಪಡೆದುಕೊಳ್ಳುವುದಕ್ಕೆ ಆಕ್ಷೇಪವಿಲ್ಲ.